ಹಿತ್ತಲ ಬಾಗಿಲ ಹತ್ರ ಹೊಸ ಫ್ಲೋರಿಂಗ್ ಹಾಕ್ಸೋ ಮುಂಚೆ ಕೆಳಗಿನ ನೆಲ ರೆಡಿ ಮಾಡ್ಕೊಳ್ಳೋದು ಹೇಗೆ

ರೂಮಿನ ನಡುವೆ ನೆಲ ಸ್ವಲ್ಪ ಹೆಚ್ಚುಕಮ್ಮಿ ಇದ್ರೂ ಹೆಂಗೋ ನಡೆಯತ್ತೆ, ಹೊರಗಡೆ ಬಾಗಿಲ ಮುಂದಿನ ಎರಡು ಮೂರು ಅಡಿ ಮಾತ್ರ ಹಂಗಲ್ಲ. ಎರಚಲು ಹೊಡಿಯೋದು ಅಲ್ಲಿಗೇ, ಒದ್ದೆ ಕಾಲಲ್ಲಿ ಮೊದಲು ತುಳಿಯೋದೂ ಅಲ್ಲೇ. ಶಿವಮೊಗ್ಗದ ನಮ್ಮನೇಲಿ ಹಿತ್ತಲ ಬಾಗಿಲು ಪಶ್ಚಿಮಕ್ಕಿದೆ, ಪಾತ್ರೆ ತೊಳಿಯೋ ಕಟ್ಟೆನೂ ಅಲ್ಲೇ ಪಕ್ಕದಲ್ಲಿ. ಹಳೇ ರೆಡ್ ಆಕ್ಸೈಡ್ ನೆಲದ ಮೇಲೆ ಸೀದಾ ಲ್ಯಾಮಿನೇಟ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಹಾಕಿಸಿದ್ವಿ, ಎರಡನೇ ಮಳೆಗಾಲಕ್ಕೇ ಬಾಗಿಲ ಹತ್ರದ ಜಾಯಿಂಟ್ ಎಲ್ಲಾ ಉಬ್ಬಿ ಕಾಲಿಗೆ ತಾಗಕ್ಕೆ ಶುರುವಾಯ್ತು. ಎತ್ತಿ ನೋಡಿದ್ರೆ ಕೆಳಗಿನ ಫೋಮ್ ಹಿಂಡಿದ್ರೆ ನೀರು ಸುರಿಯೋ ಹಂಗಿತ್ತು, ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದ್ರೆ ರಸ್ಕಿಗೆ ಚುಚ್ಚಿದ ಹಂಗೆ ಒಂದಿಂಚು ಒಳಗೆ ಹೋಯ್ತು.

ಹಾಗಾಗಿ ಮೊದಲನೇ ಕೆಲಸ ಸಿಮೆಂಟಲ್ಲ, ನೀರು ಎಲ್ಲಿಂದ ಬರ್ತಿದೆ ಅಂತ ಕಂಡುಹಿಡಿಯೋದು. ಬಾಗಿಲು ಹಾಕಿ ಹೊರಗಡೆಯಿಂದ ಒಬ್ರು ಹೊಸ್ತಿಲ ಮೇಲೆ ಪೈಪಲ್ಲಿ ಹತ್ತು ಹದಿನೈದು ನಿಮಿಷ ನೀರು ಬಿಡ್ಲಿ, ಒಳಗಡೆ ನೀವು ಟಾರ್ಚ್ ಹಿಡ್ಕೊಂಡು ಕೂತು ನೋಡಿ. ನಮ್ಮಲ್ಲಿ ಬಾಗಿಲ ಸಂದಿಯಿಂದ ಬರತ್ತೆ ಅಂದ್ಕೊಂಡಿದ್ವಿ, ಬಂದಿದ್ದು ಕಲ್ಲಿನ ಹೊಸ್ತಿಲಿಗೂ ನೆಲಕ್ಕೂ ಮಧ್ಯೆ ಬಿಟ್ಕೊಂಡಿದ್ದ ಕೂದಲೆಳೆಯಷ್ಟು ಬಿರುಕಿಂದ. ಆ ಬಿರುಕನ್ನ ಉಳಿಯಲ್ಲಿ ಕೆತ್ತಿ ಅಗಲ ಮಾಡಿ, ಪೂರ್ತಿ ಒಣಗಿಸಿ, ಪಿಯು (ಪಾಲಿಯುರೆಥೇನ್) ಸೀಲೆಂಟ್, ಅಂದ್ರೆ ಒಣಗಿದ ಮೇಲೂ ರಬ್ಬರಿನ ಥರ ಬಾಗೋ ಅಂಟು, ತುಂಬಬೇಕು. ಬರೀ ಸಿಮೆಂಟ್ ಹಾಲು ಬಿಟ್ರೆ ಮತ್ತೆ ಬಿರುಕು ಬಿಡತ್ತೆ. ಹೊರಗಿನ ನೆಲ ಒಳಗಿಂದಕ್ಕಿಂತ ತಗ್ಗಲ್ಲಿದೆಯಾ, ಇಳಿಜಾರು ಹೊರಗಡೆಗೇ ಇದೆಯಾ ಅಂತಾನೂ ನೋಡಿ, ಎಂಟಡಿಗೆ ಒಂದಿಂಚಾದ್ರೂ ಇಳಿಬೇಕು.

ಆಮೇಲೆ ತೇವದ ಪರೀಕ್ಷೆ. ಒಂದೂವರೆ ಅಡಿ ಚೌಕದ ದಪ್ಪ ಪಾಲಿಥಿನ್ ಹಾಳೆ ಎರಡು ತಗೊಂಡು ಒಂದನ್ನ ಬಾಗಿಲ ಹತ್ರ, ಇನ್ನೊಂದನ್ನ ರೂಮಿನ ನಡುವೆ, ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಬಿಡಿ. ಬಾಗಿಲ ಹತ್ರದ್ದರ ಅಡಿ ಮಾತ್ರ ಹನಿ ಕಟ್ಟಿದ್ರೆ ಅಥವಾ ನೆಲ ಕಪ್ಪಗಾಗಿದ್ರೆ ನೀರು ಹೊರಗಿಂದ ಬರ್ತಿರೋ ಸಾಧ್ಯತೆ ಹೆಚ್ಚು. ಎರಡರ ಅಡಿನೂ ಹಂಗೇ ಆದ್ರೆ ತೇವ ಭೂಮಿಯಿಂದಾನೇ ಮೇಲೆ ಏಳ್ತಿರಬಹುದು, ಆಗ ಲ್ಯಾಮಿನೇಟ್ ಆಸೆ ಬಿಟ್ಟು ಟೈಲ್ಸ್ ಹಾಕ್ಸೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಚೌಕಟ್ಟಿನ ಬುಡ ಕೊಳೆತಿದ್ರೆ ಅಥವಾ ಗೆದ್ದಲು ಹಿಡಿದಿದ್ರೆ ಈಗಲೇ ಬಡಗಿನ ಕರೆಸಿ. ಅದು ಮುಗಿದ ಮೇಲೆ ಸುತ್ತಿಗೆಯ ಹಿಡಿಯಿಂದ ನೆಲಾನ ಕುಟ್ಕೊಂಡು ಬನ್ನಿ, ಡಬ್ ಡಬ್ ಅಂತ ಟೊಳ್ಳು ಸದ್ದು ಬಂದ ಕಡೆಯೆಲ್ಲಾ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಷ್ಟನ್ನೂ ಒಡೆಸಿ, ಅಂಚು ಇಳಿಜಾರಾಗಿ ಬಿಡದೆ ನೇರಕ್ಕೆ ಕತ್ತರಿಸಿ, ಧೂಳು ಬ್ರಶ್ಶಲ್ಲಿ ಪೂರ್ತಿ ತೆಗಿಸಿ. ರೆಡ್ ಆಕ್ಸೈಡ್ ನೆಲ ಗಾಜಿನ ಥರ ನುಣುಪು, ಅದರ ಮೇಲೆ ಏನೂ ಕಚ್ಚಿಕೊಳ್ಳಲ್ಲ, ಪ್ಯಾಚ್ ಬರೋ ಕಡೆ ಉಳಿಯಲ್ಲಿ ಕಚ್ಚು ಹಾಕ್ಸಲೇಬೇಕು. ಆಮೇಲೆ ನೀರು ಚಿಮುಕಿಸಿ, ಎಸ್‌ಬಿಆರ್ ಲ್ಯಾಟೆಕ್ಸ್ (ಗಾರೆ ಗಟ್ಟಿಯಾಗಿ ಹಿಡ್ಕೊಳ್ಳಕ್ಕೆ ಸೇರಿಸೋ ರಬ್ಬರ್ ಹಾಲಿನಂಥದ್ದು) ಕಲಸಿದ ಸಿಮೆಂಟ್ ಹಾಲು ಹಚ್ಚಿ, ಅದು ಅಂಟಂಟಾಗಿರೋವಾಗ್ಲೇ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಕಲಸಿದ ಗಾರೆ ತುಂಬ್ಬೇಕು. ಮೇಸ್ತ್ರಿಗಳು ಹಾಲು ಹಚ್ಚಿ ಊಟಕ್ಕೆ ಹೋದ್ರೆ ಅದು ಒಣಗಿಹೋಗಿ ಹಿಡಿಯೋ ಬದಲು ಬಿಟ್ಕೊಳ್ಳತ್ತೆ, ಅದಕ್ಕೇ ಊಟ ಆದ್ಮೇಲೇ ಶುರು ಮಾಡಿಸಿ. ಒಂದು ವಾರ ಒದ್ದೆ ಗೋಣಿಚೀಲ ಹೊದಿಸಿ ಕ್ಯೂರಿಂಗ್, ಆಮೇಲೆ ಮೂರು ವಾರ ಒಣಗಕ್ಕೆ ಬಿಡಿ, ಪಾಲಿಥಿನ್ ಪರೀಕ್ಷೆ ಮತ್ತೆ ಮಾಡಿ. ಇಷ್ಟು ದಿನ ಬೇಕಾಗಿರೋದ್ರಿಂದ ನಮ್ಮ ಕಡೆ ಶಿವರಾತ್ರಿ ಹೊತ್ತಿಗೆ ಕೆಲಸ ಹಿಡಿಬೇಕು, ಮೇ ಕೊನೇಲಿ ಶುರು ಮಾಡಿದ್ರೆ ಮಳೆ ಬಂದುಬಿಡತ್ತೆ.

ಮಟ್ಟ ನೋಡಕ್ಕೆ ಬರೀ ರಸಮಟ್ಟ ಸಾಲದು, ಉದ್ದದ ಅಲ್ಯೂಮಿನಿಯಂ ಪಟ್ಟಿ ಇಟ್ಟು ಅಡಿಯಿಂದ ಬೆಳಕು ತೂರತ್ತಾ ನೋಡಿ. ಒಂದಕ್ಕೊಂದು ಸಿಕ್ಕಿಸೋ ಕ್ಲಿಕ್ ಹಲಗೆಗೆ ಹತ್ತಡಿಗೆ ಮೂರು ನಾಲ್ಕು ಮಿಲಿಮೀಟರ್‌ಗಿಂತ ಜಾಸ್ತಿ ಏರುತಗ್ಗು ಇರಬಾರ್ದು. ಉಬ್ಬು ಇದ್ರೆ ಗ್ರೈಂಡರಲ್ಲಿ ಉಜ್ಜಿಸಿ, ಉಜ್ಜೋರಿಗೆ ಒಳ್ಳೆ ಮಾಸ್ಕ್ ಕೊಡಿ, ಆ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಸಣ್ಣ ತಗ್ಗಿಗೆ ಪ್ರೈಮರ್ ಹಚ್ಚಿ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ (ಸುರಿದ್ರೆ ತಾನೇ ಹರಡಿ ಮಟ್ಟ ಆಗೋ ಸಿಮೆಂಟ್ ಮಿಶ್ರಣ) ಹಾಕಿದ್ರೆ ಸಾಕು.

ಹೊಸ ಹಲಗೆಯ ಒಂದು ತುಂಡನ್ನ ಫೋಮ್ ಸಮೇತ ಬಾಗಿಲ ಅಡಿ ಇಟ್ಟು ಬಾಗಿಲನ್ನ ಪೂರ್ತಿ ತೆರೆದು ಮತ್ತೆ ಮುಚ್ಚಿ ನೋಡೋದು ಮರೀಬೇಡಿ. ಉಜ್ಜತ್ತೆ ಅಂದ್ರೆ ಈಗಲೇ ಬಾಗಿಲ ಬುಡ ಕೀಸಿಸಿ, ಕೀಸಿದ ಜಾಗಕ್ಕೆ ಪೇಂಟ್ ಹೊಡೆಸಿ, ಹಸಿ ಮರ ಹಂಗೇ ಬಿಟ್ರೆ ನೀರು ಕುಡಿಯತ್ತೆ.

ಕೊನೇಲಿ ಬಾಗಿಲಿಂದ ಒಳಗೆ ಮೂರಡಿ, ಗೋಡೆ ಮೇಲೆ ಅರ್ಧ ಅಡಿ ವಾಟರ್‌ಪ್ರೂಫಿಂಗ್ ಎರಡು ಕೋಟು, ಮೊದಲನೇದು ಉದ್ದಕ್ಕೆ ಹೊಡೆದ್ರೆ ಎರಡನೇದು ಅಡ್ಡಕ್ಕೆ. ಹಲಗೆ ಹಾಕೋವಾಗ ಹೊಸ್ತಿಲಿಗೂ ಹಲಗೆಗೂ ಎಂಟು ಹತ್ತು ಮಿಲಿಮೀಟರ್ ಸಂದಿ ಬಿಡಿಸಿ, ಅದನ್ನ ಗಾರೆಯಲ್ಲಿ ಮುಚ್ಚಕ್ಕೆ ಬಿಡಬೇಡಿ, ಹಿಗ್ಗೋ ಸೀಲೆಂಟೇ ಹಾಕಿಸಿ. ಸೀಲೆಂಟ್ ಡಬ್ಬದ ಮೇಲೆ ಬರೆದಿರೋಷ್ಟು ಹೊತ್ತು ಹಿತ್ತಲ ಬಾಗಿಲಿಗೆ ಚಿಲಕ ಹಾಕಿಬಿಡಿ, ಎಲ್ರೂ ಮುಂದಿನ ಬಾಗಿಲಲ್ಲೇ ಓಡಾಡ್ಲಿ.