ಚಕಮಕಿ ಕೋವಿಗೆ ಯಾವ ಮದ್ದು? ನನ್ನ ಅನುಭವ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮುಗಿದ ಮಾರನೇ ದಿನ ಫ್ಲಿಂಟ್‌ಲಾಕ್, ಅಂದರೆ ಚಕಮಕಿ ಕೋವಿಯ ಜಿಂಕೆ ಬೇಟೆ ಶುರುವಾಗುತ್ತದೆ. 1974ರಿಂದ ನಡೆದುಕೊಂಡು ಬಂದ ಸೀಸನ್ ಇದು. ಇದರಲ್ಲಿ ಕೇಪಿನ ಕೋವಿಯೂ (ಬಡಿದರೆ ಸಿಡಿಯುವ ಸಣ್ಣ ಕೇಪು ಇಟ್ಟು ಹಾರಿಸುವ ಕೋವಿ) ನಡೆಯುವುದಿಲ್ಲ. ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಆ ಕಿಡಿಯಿಂದಲೇ ಈಡು ಹಾರಬೇಕು.

ನಾನು ಕೊಡಗಿನವನು. ಹುತ್ತರಿಯ ದಿನ ಕದಿರು ಕೊಯ್ಯುವಾಗ ಅಜ್ಜ ಆಕಾಶಕ್ಕೆ ಈಡು ಹೊಡೆಯುತ್ತಿದ್ದರು. ಅದು ಕೇಪಿನ ಕೋವಿ. ಬಾಯಿಯಿಂದ ಮದ್ದು ಸುರಿದು ಗಜ ಹಾಕಿ ಇಡಿಯುವುದನ್ನು ನೋಡಿಯೇ ಬೆಳೆದವನು. ಹಾಗಾಗಿ ಇಲ್ಲಿ .50 ಕ್ಯಾಲಿಬರ್ ಫ್ಲಿಂಟ್‌ಲಾಕ್ ಕೊಂಡಾಗ ಮದ್ದಿನ ಬಗ್ಗೆ ಜಾಸ್ತಿ ಯೋಚಿಸಲೇ ಇಲ್ಲ. ಅಂಗಡಿಯಲ್ಲಿ ಕಂಡ ಒಂದು ಡಬ್ಬಿ ಬದಲಿ ಮದ್ದು ತಂದೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸಿ ಮಾಡುವ ಹಳೆಯ ಕಪ್ಪು ಮದ್ದಿನ ಜಾಗದಲ್ಲಿ ಬಳಸಬಹುದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಅಷ್ಟು ಸಾಕು ಅಂದುಕೊಂಡೆ.

ಮೊದಲ ವರ್ಷ ಮೂವತ್ತೈದು ಯಾರ್ಡ್ ದೂರದಲ್ಲಿ ಒಂದು ಹೆಣ್ಣು ಜಿಂಕೆ ಅಡ್ಡ ನಿಂತಿತು. ಕೋವಿಯ ಕುದುರೆ (ಚಕಮಕಿ ಕಲ್ಲು ಕಚ್ಚಿರುವ ಸುತ್ತಿಗೆ) ಬಿತ್ತು. ಪ್ಯಾನ್‌ನಲ್ಲಿ, ಅಂದರೆ ನಳಿಗೆಯ ಪಕ್ಕದ ಸಣ್ಣ ಬಟ್ಟಲಿನಲ್ಲಿ, ಭಗ್ ಅಂತ ಬೆಂಕಿ ಎದ್ದಿತು, ಮುಖಕ್ಕೆ ಬಿಸಿ ತಾಗಿತು. ಆಮೇಲೆ ಏನೂ ಇಲ್ಲ. ಹಾರಲಿಲ್ಲ ಅಂದುಕೊಂಡು ಕೈ ಸಡಿಲ ಬಿಡುವಷ್ಟರಲ್ಲಿ ಢಂ ಅಂದಿತು. ಅಷ್ಟು ಹೊತ್ತಿಗೆ ನಳಿಗೆ ತಗ್ಗಿತ್ತು, ಜಿಂಕೆ ತಿರುಗಿತ್ತು. ಒಂದು ಗಂಟೆ ಹಿಮದಲ್ಲಿ ಹೆಜ್ಜೆ ಹಿಡಿದು ಹುಡುಕಿದೆ. ರಕ್ತ ಇರಲಿಲ್ಲ, ಕೂದಲೂ ಇರಲಿಲ್ಲ. ಗುಂಡು ಅದಕ್ಕೆ ತಾಗಿಲ್ಲ ಎಂದು ಖಾತ್ರಿ ಆಗುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ. ಒಂದು ಪ್ರಾಣಿಯನ್ನು ಅರ್ಧ ಗಾಯ ಮಾಡಿ ಬಿಡುವುದಕ್ಕಿಂತ ಕೆಟ್ಟದ್ದು ಬೇಟೆಯಲ್ಲಿ ಬೇರೆ ಇಲ್ಲ.

ಶೂಟಿಂಗ್ ಕ್ಲಬ್ಬಿನ ಒಬ್ಬ ಹಿರಿಯರಿಗೆ ಇದನ್ನು ಹೇಳಿದೆ. ಅವರು ನಳಿಗೆ ನೋಡಲಿಲ್ಲ, ಗುಂಡು ನೋಡಲಿಲ್ಲ. ಒಳಗೆ ಯಾವ ಮದ್ದು ಹಾಕಿದ್ದೆ ಅಂತ ಮಾತ್ರ ಕೇಳಿದರು. ಹೇಳಿದ ಕೂಡಲೇ ತಲೆ ಅಲ್ಲಾಡಿಸಿದರು.

ಮೂರು ಬಗೆಯ ಕೋವಿಗಳಲ್ಲಿ ಬೆಂಕಿ ಮೂರು ಥರ ಬರುತ್ತದೆ. ಈಗಿನ ಇನ್‌ಲೈನ್ ಕೋವಿಯಲ್ಲಿ 209 ಪ್ರೈಮರ್ (ಬೆಂಕಿ ಹಚ್ಚುವ ಸಣ್ಣ ಕೇಪು) ಮದ್ದಿನ ಹಿಂದೆಯೇ ಇರುತ್ತದೆ, ಅದರ ಜ್ವಾಲೆ ನೇರವಾಗಿ ಮದ್ದಿಗೇ ನುಗ್ಗುತ್ತದೆ. ಕೇಪಿನ ಕೋವಿಯಲ್ಲಿ ಜ್ವಾಲೆ ಚಿಕ್ಕದು, ಆದರೂ ಜೋರು. ಫ್ಲಿಂಟ್‌ಲಾಕ್‌ನಲ್ಲಿ ಬಟ್ಟಲಿನಲ್ಲಿಟ್ಟ ಚಿಟಿಕೆ ಮದ್ದು ಹೊತ್ತಿ, ಅದರ ಕಾವು ಪಕ್ಕದ ಸಣ್ಣ ತೂತಿನಿಂದ ಒಳಗೆ ಹೋಗಬೇಕು. ಕಪ್ಪು ಮದ್ದು ಬೇಗ ಹೊತ್ತಿಕೊಳ್ಳುತ್ತದೆ. ಬದಲಿ ಮದ್ದುಗಳು ಹೊತ್ತಿಕೊಳ್ಳಲು ಅದಕ್ಕಿಂತ ತುಂಬಾ ಜಾಸ್ತಿ ಶಾಖ ಬೇಕು. ಆ ತೂತಿನಿಂದ ಬರುವ ಕಾವು ಅದಕ್ಕೆ ಸಾಲದು. ಹೊತ್ತಿದರೂ ತಡೆದು ಹೊತ್ತುತ್ತದೆ. ನನಗಾಗಿದ್ದು ಅದೇ.

ಅಂದರೆ ನಿಮ್ಮ ಕೋವಿಯಲ್ಲಿ ಬೆಂಕಿ ಹೇಗೆ ಬರುತ್ತದೆ ಎಂಬುದರ ಮೇಲೆ ಮದ್ದು ಆರಿಸಬೇಕು. ಡಬ್ಬಿಯ ಮೇಲಿನ ಗುಂಡಿನ ವೇಗದ ಅಂಕಿ ಆಮೇಲಿನ ಮಾತು. ಪೈರೋಡೆಕ್ಸ್ 1976ರಲ್ಲಿ ಬಂದ ಬದಲಿ ಮದ್ದು, ಕೇಪಿನ ಕೋವಿಗೆ ಚೆನ್ನಾಗಿಯೇ ಒಗ್ಗುತ್ತದೆ. ಟ್ರಿಪಲ್ ಸೆವೆನ್ ಎಂಬ ಬದಲಿ ಮದ್ದಿನಲ್ಲಿ ಗಂಧಕ ಇಲ್ಲ, ತೊಳೆಯುವುದು ಸುಲಭ. ಆದರೆ ಶಕ್ತಿ ಜಾಸ್ತಿ, ಹಾಗಾಗಿ ಕಪ್ಪು ಮದ್ದಿನ ಅಳತೆಗಿಂತ 15% ಕಡಿಮೆ ಹಾಕಬೇಕು. ಬ್ಲ್ಯಾಕ್‌ಹಾರ್ನ್ 209ರ ಹೆಸರಿನಲ್ಲೇ ಪ್ರೈಮರ್ ಇದೆ, ಅದು ಇನ್‌ಲೈನ್ ಕೋವಿಗೇ ಮಾಡಿದ್ದು. ಇವು ಯಾವುದೂ ಫ್ಲಿಂಟ್‌ಲಾಕ್‌ಗೆ ಅಲ್ಲ. ಒಳಗೆ ಮೊದಲು ಸ್ವಲ್ಪ ಕಪ್ಪು ಮದ್ದು ಹಾಕಿ ಮೇಲೆ ಬದಲಿ ಮದ್ದು ಹಾಕುವವರೂ ಇದ್ದಾರೆ. ನಾನು ಆ ದಾರಿಗೆ ಹೋಗಲಿಲ್ಲ.

ಇನ್ನೊಂದು ಮಾತು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ತೋಟಾದಲ್ಲಿ ಬಳಸುವ ಹೊಗೆಯಿಲ್ಲದ ಮದ್ದನ್ನು ಇಂಥ ಕೋವಿಗೆ ಒಂದು ಚಿಟಿಕೆಯೂ ಹಾಕಬಾರದು. ಅದರ ಒತ್ತಡವೇ ಬೇರೆ. ನಳಿಗೆ ಸೀಳಿ ಕೈ, ಕಣ್ಣು ಹೋಗುತ್ತದೆ.

ಸರಿ, ಕಪ್ಪು ಮದ್ದೇ ಬೇಕು ಅಂತಾಯಿತು. ಸಿಗುವುದೆಲ್ಲಿ? ಅಮೆರಿಕದ ಕಾನೂನಿನಲ್ಲಿ ಅದು ಸ್ಫೋಟಕ. ಮಾರುವವರಿಗೆ ಲೈಸೆನ್ಸ್ ಬೇಕು, ಇಡಲು ಬೇರೆ ವ್ಯವಸ್ಥೆ ಬೇಕು. ಅದಕ್ಕೇ ಎಷ್ಟೋ ಅಂಗಡಿಗಳಲ್ಲಿ ಬದಲಿ ಮದ್ದು ಮಾತ್ರ ಇರುತ್ತದೆ, ನನ್ನಂಥವರು ಅದನ್ನೇ ತರುತ್ತಾರೆ. ಅಮೆರಿಕದಲ್ಲೇ ತಯಾರಾಗುವ ಗೋಯೆಕ್ಸ್ ಕಪ್ಪು ಮದ್ದನ್ನು ಹಿಂದೆ ಪೆನ್ಸಿಲ್ವೇನಿಯಾದ ಮೂಸಿಕ್‌ನಲ್ಲಿ ಮಾಡುತ್ತಿದ್ದರು. ಆಮೇಲೆ ಕಾರ್ಖಾನೆ ಲೂಸಿಯಾನಾದ ಮಿಂಡೆನ್‌ಗೆ ಹೋಯಿತು. 2021ರಲ್ಲಿ ಮುಚ್ಚುತ್ತಾರೆ ಎಂಬ ಸುದ್ದಿ ಬಂದು ಎಲ್ಲರಿಗೂ ಗಾಬರಿಯಾಗಿತ್ತು. ಮರುವರ್ಷ ಎಸ್ಟೆಸ್ ಕಂಪನಿಯವರು ಕೊಂಡುಕೊಂಡರು. ಸ್ವಿಜರ್‌ಲೆಂಡ್‌ನಿಂದ ಬರುವ ಸ್ವಿಸ್ ಮದ್ದೂ ಇದೆ, ಬೆಲೆ ಜಾಸ್ತಿ. ಅಂದ ಹಾಗೆ, ಅಂತರ್ಯುದ್ಧದ ಕಾಲದಲ್ಲಿ ಈ ದೇಶದ ಮದ್ದಿಗೆ ಬೇಕಾದ ಪೆಟ್ಲುಪ್ಪು ಭಾರತದ್ದು. 1861ರಲ್ಲಿ ಅದನ್ನು ಕೊಳ್ಳಲೆಂದೇ ಮದ್ದು ತಯಾರಿಸುವ ಮನೆತನದ ಲಾಮೊ ಡ್ಯುಪಾಂಟ್ ಇಂಗ್ಲೆಂಡಿಗೆ ಹೋಗಿದ್ದ. ಆ ಹಳೆಯ ನಂಟು ನೆನೆದರೆ ನನಗೆ ಒಂಥರಾ ಖುಷಿ.

ಆಮೇಲೆ ಕಾಳಿನ ಗಾತ್ರ. ಇಲ್ಲಿ ಟೂ ಎಫ್, ತ್ರೀ ಎಫ್, ಫೋರ್ ಎಫ್ ಅನ್ನುತ್ತಾರೆ. ಎಫ್ ಜಾಸ್ತಿಯಾದಷ್ಟೂ ಕಾಳು ಸಣ್ಣ. ಮೂರನ್ನೂ ಬಿಳಿ ಕಾಗದದ ಮೇಲೆ ಸುರಿದು ನೋಡಿದೆ. ಬನ್ಸಿ ರವೆ, ಉಪ್ಪಿಟ್ಟಿನ ರವೆ, ಚಿರೋಟಿ ರವೆ ಪಕ್ಕಪಕ್ಕ ಇಟ್ಟಂತೆ ಇತ್ತು, ಬಣ್ಣ ಮಾತ್ರ ಇದ್ದಿಲು ಕಪ್ಪು, ಮೇಲೆ ಸಣ್ಣ ಹೊಳಪು. ಸಣ್ಣ ಕಾಳು ಬೇಗ ಉರಿಯುತ್ತದೆ, ಒತ್ತಡವೂ ಜಾಸ್ತಿ. ಅದಕ್ಕೇ ಫೋರ್ ಎಫ್ ಬಟ್ಟಲಿಗೆ ಮಾತ್ರ. ಒಳಗೆ ಟೂ ಎಫ್ ಅಥವಾ ತ್ರೀ ಎಫ್.

ಎರಡನ್ನೂ 50 ಯಾರ್ಡ್‌ಗೆ ಕಾಗದದ ಮೇಲೆ ಹೊಡೆದು ನೋಡಿದೆ. .490 ಇಂಚಿನ ಗುಂಡು, ಎಣ್ಣೆ ಸವರಿದ ಹತ್ತಿ ಬಟ್ಟೆಯ ತುಂಡು. ಕೋವಿಯ ಪುಸ್ತಕದಲ್ಲಿ ಕೊಟ್ಟ ಕನಿಷ್ಠ ಅಳತೆಯಿಂದ ಶುರು ಮಾಡಿ, ಐದೈದು ಗ್ರೇನ್ (ಮದ್ದಿನ ಅಳತೆ) ಏರಿಸುತ್ತಾ, ಪ್ರತಿ ಅಳತೆಗೂ ಐದು ಈಡು. ಹೆಚ್ಚು ಹಾಕಿದಷ್ಟೂ ಒಳ್ಳೆಯದು ಅಂತೇನಿಲ್ಲ. ನನ್ನ ಕೋವಿಯಲ್ಲಿ ತ್ರೀ ಎಫ್ 70 ಗ್ರೇನ್‌ಗೆ ಐದೂ ಗುಂಡು ನನ್ನ ಅಂಗೈ ಅಗಲದೊಳಗೆ ಕೂತವು. ಇನ್ನೂ ಏರಿಸಿದಾಗ ಚದುರಿದವು. ಟೂ ಎಫ್ ಕೂಡ ಕೆಟ್ಟದಿರಲಿಲ್ಲ, ಆದರೆ ಮಸಿ ಜಾಸ್ತಿ ಕಟ್ಟಿ ಮೂರನೇ ಗುಂಡು ಇಳಿಸುವಾಗ ಗಜ ತಡೆಯುತ್ತಿತ್ತು. ನಿಮ್ಮ ಕೋವಿಯ ಲೆಕ್ಕ ಬೇರೆ ಇರುತ್ತದೆ. ಅದರ ಪುಸ್ತಕದಲ್ಲಿರುವ ಗರಿಷ್ಠ ಅಳತೆ ದಾಟಬೇಡಿ.

ಗ್ರೇನ್ ಎಂಬುದು ತೂಕದ ಹೆಸರಾದರೂ ಇಲ್ಲಿ ಅಳೆಯುವುದು ಹಿತ್ತಾಳೆಯ ಅಳತೆ ಕೊಳವೆಯಲ್ಲಿ, ಪಾವು ಸೇರಿನ ಹಾಗೆ. ಬದಲಿ ಮದ್ದು ಕಪ್ಪು ಮದ್ದಿಗಿಂತ ಹಗುರ. ಅದನ್ನು ತಕ್ಕಡಿಯಲ್ಲಿ ತೂಗಿ 70 ಗ್ರೇನ್ ಹಾಕಿದರೆ ಬೇಕಾದ್ದಕ್ಕಿಂತ ಜಾಸ್ತಿ ಬೀಳುತ್ತದೆ. ಮದ್ದು ತುಂಬಿಟ್ಟ ಕೊಂಬಿನಿಂದ ನೇರವಾಗಿ ನಳಿಗೆಗೆ ಎಂದೂ ಸುರಿಯಬೇಡಿ. ಒಳಗೆ ಒಂದು ಕಿಡಿ ಉಳಿದಿದ್ದರೆ ಇಡೀ ಕೊಂಬು ಕೈಯಲ್ಲೇ ಸಿಡಿಯುತ್ತದೆ. ಅಳತೆ ಕೊಳವೆಗೆ ಸುರಿದು, ಕೊಂಬು ಮುಚ್ಚಿ, ಆಮೇಲೆ ನಳಿಗೆಗೆ. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂರುವ ಮಟ್ಟಕ್ಕೆ ನನ್ನ ಗಜದ ಮೇಲೆ ಚಾಕುವಿನಿಂದ ಗೆರೆ ಎಳೆದಿದ್ದೇನೆ. ಗೆರೆ ಮೇಲೆ ಉಳಿದರೆ ನಡುವೆ ಖಾಲಿ ಜಾಗ ಇದೆ, ಇಲ್ಲವೇ ಎರಡು ಸಲ ತುಂಬಿದ್ದೇನೆ ಅಂತ ಅರ್ಥ. ಎರಡೂ ಅಪಾಯವೇ. ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯುತ್ತೇನೆ.

ಕಪ್ಪು ಮದ್ದಿಗೆ ಒಂದು ಕಷ್ಟ ಇದೆ, ತೇವ. ಹಿಮ ಬೀಳುವ ದಿನ ಬಟ್ಟಲಿನ ಮದ್ದು ಅರ್ಧ ಗಂಟೆಯಲ್ಲಿ ಬೂದು ಬಣ್ಣದ ರಾಡಿಯಾಗುತ್ತದೆ. ಕುದುರೆಯ ಮೇಲೆ ಚರ್ಮದ ಮುಚ್ಚಿಗೆ ಕಟ್ಟುತ್ತೇನೆ. ಆದರೂ ಅರ್ಧ ಗಂಟೆಗೊಮ್ಮೆ ಹಳೆಯದನ್ನು ಒರೆಸಿ ಹೊಸ ಚಿಟಿಕೆ ಹಾಕುತ್ತೇನೆ. ಸಂಜೆ ಮನೆಗೆ ಬಂದರೆ ಮೊದಲು ಕೋವಿಗೆ ಸ್ನಾನ. ಬಿಸಿನೀರು, ಸೋಪು, ಒಣ ಬಟ್ಟೆ, ಎಣ್ಣೆ. ಒಂದು ರಾತ್ರಿ ಬಿಟ್ಟರೂ ತುಕ್ಕು ಹಿಡಿಯುತ್ತದೆ. ಸಿಂಕಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ನಮ್ಮ ಮನೆಯವಳಿಗೆ ಈಗ ಅಭ್ಯಾಸವಾಗಿದೆ.

ಮುಂದಿನ ವರ್ಷ ಜನವರಿಯಲ್ಲಿ, ಅದೇ ಇಳಿಜಾರಿನಲ್ಲಿ, ನಲವತ್ತು ಯಾರ್ಡ್‌ಗೆ ಮತ್ತೊಂದು ಜಿಂಕೆ ಸಿಕ್ಕಿತು. ಈ ಸಲ ಬಟ್ಟಲಿನ ಭಗ್ ಮತ್ತು ನಳಿಗೆಯ ಢಂ ಎರಡೂ ಒಂದೇ ಸದ್ದಾಗಿ ಕೇಳಿಸಿತು. ಹೊಗೆ ತಿಳಿಯಾದಾಗ ಜಿಂಕೆ ನಿಂತ ಜಾಗದಲ್ಲೇ ಬಿದ್ದಿತ್ತು.

ಹಳೆಯ ಡಬ್ಬಿಯಲ್ಲಿ ಮುಕ್ಕಾಲು ಪಾಲು ಮದ್ದು ಉಳಿದಿತ್ತು. ಕೇಪಿನ ಕೋವಿಯಲ್ಲಿ ಅಕ್ಟೋಬರ್ ಬೇಟೆಗೆ ಹೋಗುವ ಗೆಳೆಯನಿಗೆ ಕೊಟ್ಟೆ. ಅವನಿಗೆ ಒಂದು ಸಲವೂ ಅದು ತಡೆದು ಹಾರಿಲ್ಲ.