ಘಾಟಿ ರೈಲು ಮೇಜಿನ ಮೇಲೆ: ಮಾಡೆಲ್ ಆಟಿಕೆಯಂತೆ ಕಾಣದಿರಲು ಏನು ಮಾಡಬೇಕು

ಮಾಡೆಲ್ ರೈಲಿನ ಹುಚ್ಚು ಹಿಡಿದವರು ಮೊದಲು ಕೇಳುವುದೇ ‘ಯಾವ ಇಂಜಿನ್ ತಗೊಳ್ಳಲಿ’ ಅಂತ. ಎಷ್ಟೇ ದುಡ್ಡು ಸುರಿದು ಇಂಜಿನ್ ತಂದರೂ ಅದನ್ನು ಹಸಿರು ಕಾರ್ಪೆಟ್ ಮೇಲೆ ಗುಂಡಗೆ ಓಡಿಸಿದರೆ ಆಟದ ಸಾಮಾನೇ. ನನ್ನ ಲೆಕ್ಕದಲ್ಲಿ ಮೊದಲು ಒಂದು ಜಾಗ ಹಿಡಿಯಬೇಕು. ಆಮೇಲೆ ಒಂದು ಕಾಲ, ಒಂದು ತಿಂಗಳು. ಅದಕ್ಕೆ ಸೇರದ್ದು ಎಷ್ಟೇ ಚೆನ್ನಾಗಿದ್ದರೂ ಪೆಟ್ಟಿಗೆಯಲ್ಲೇ ಇರಲಿ.

ನಮ್ಮ ಕಡೆಯವರಿಗೆ ಜಾಗಕ್ಕೇನು ಬರ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಇದೆ, ಸುಮಾರು 55 ಕಿ.ಮೀ. ದಾರಿ, 57 ಸುರಂಗ, ನೂರಕ್ಕೂ ಮೀರಿದ ಸೇತುವೆ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಇದರಲ್ಲಿ ಒಂದೇ ಒಂದು ನಿಲ್ದಾಣ ಸಾಕು. ಬೆಟ್ಟ ಬೇಡ, ಸಮತಟ್ಟಾದ ಜಾಗ ಸಾಕು ಅನ್ನುವವರಿಗೆ ಕಡೂರು–ಚಿಕ್ಕಮಗಳೂರು ಮಾರ್ಗ. 2013ರಲ್ಲಿ ಶುರುವಾದದ್ದು, ಒಂಟಿ ಹಳಿ. ಚಿಕ್ಕಮಗಳೂರಿಗೆ ಬಂದ ಗಾಡಿ ಹಾಗೇ ವಾಪಸ್ ಹೋಗಬೇಕು, ಹಾಗಾಗಿ ಗೋಡೆಗೆ ಹೊಂದಿಸಿದ ಒಂದು ಉದ್ದ ಹಲಗೆಯ ಮೇಲೂ ಇಡೀ ನಿಲ್ದಾಣ ಹಿಡಿಸುತ್ತದೆ. ನಾನು ಇಲ್ಲಿ ಘಾಟಿಯನ್ನೇ ಹಿಡಿದು ಹೇಳುತ್ತೇನೆ, ಯಾಕೆಂದರೆ ಮಾಡೆಲ್ ಮಾಡುವವನ ಕಷ್ಟಗಳನ್ನು ಮುಚ್ಚಿಹಾಕುವ ಉಪಾಯಗಳೆಲ್ಲ ಘಾಟಿಯಲ್ಲೇ ಇವೆ.

ಮೊದಲ ಕಷ್ಟ ತಿರುವು. ನಮ್ಮ ಬ್ರಾಡ್ ಗೇಜ್‌ನಲ್ಲಿ, ಅಂದರೆ ಈಗಿನ ಅಗಲ ಹಳಿಯಲ್ಲಿ, ಅತಿ ಬಿಗಿಯಾದ ತಿರುವು ಎಂದರೆ 10 ಡಿಗ್ರಿ, ಅಂದರೆ 175 ಮೀಟರ್ ತ್ರಿಜ್ಯ. ಎಚ್‌ಒ ಸ್ಕೇಲ್‌ನಲ್ಲಿ ನಿಜದ 87 ಮಿಲಿಮೀಟರ್ ಇಲ್ಲಿ 1 ಮಿಲಿಮೀಟರ್, ಆ ಲೆಕ್ಕಕ್ಕೆ ತ್ರಿಜ್ಯ 2 ಮೀಟರ್ ಆಗುತ್ತದೆ. ಯಾರ ಮನೆಯಲ್ಲಿ ಅಷ್ಟು ಜಾಗ ಇದೆ? ನಾವೆಲ್ಲ ಹಾಕುವುದು ಅರ್ಧ ಮೀಟರ್ ಆಸುಪಾಸಿನದು. ಅದರ ಮೇಲೆ ಬೋಗಿಗಳು ತಿರುಗುವಾಗ ಮೂಲೆಗಳು ಹೊರಗೆ ಚಾಚಿ ಬಂಡವಾಳವೆಲ್ಲ ಬಯಲಾಗುತ್ತದೆ. ಹಾಗಾಗಿ ಬಿಗಿ ತಿರುವುಗಳನ್ನೆಲ್ಲ ಸುರಂಗದ ಒಳಗೆ ಹಾಕಿ. ಕಣ್ಣಿಗೆ ಕಾಣುವ ಕಡೆ ಹಳಿ ತುಸುವೇ ಬಾಗಲಿ. ರೈಲಿನ ಉದ್ದಕ್ಕೂ ಇದೇ ಮದ್ದು. ಒಂದು ಐಸಿಎಫ್ (ಚೆನ್ನೈ ಕಾರ್ಖಾನೆಯ ಹಳೇ ಮಾದರಿ) ಬೋಗಿಯೇ ಎಚ್‌ಒದಲ್ಲಿ ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್, ಹತ್ತು ಬೋಗಿ ಅಂದರೆ ಎರಡೂವರೆ ಮೀಟರ್. ನಾಲ್ಕೈದು ಬೋಗಿ ಇಟ್ಟು, ಇಂಜಿನ್ ಒಂದು ಸುರಂಗ ಹೊಕ್ಕ ಮೇಲಷ್ಟೇ ಕೊನೆಯ ಬೋಗಿ ಇನ್ನೊಂದರಿಂದ ಹೊರಬರುವ ಹಾಗೆ ಮಾಡಿ. ಎರಡು ತುದಿ ಒಟ್ಟಿಗೆ ಕಾಣದಿದ್ದರೆ ರೈಲು ಎಷ್ಟುದ್ದ ಅಂತ ಯಾರಿಗೂ ಗೊತ್ತಾಗಲ್ಲ.

ಏರು ಮಾತ್ರ ಇದ್ದ ಹಾಗೇ ಮಾಡಬಹುದು. ಘಾಟಿಯ ಏರು 50ಕ್ಕೆ 1. ಒಂದು ಮೀಟರ್ ಹಳಿಗೆ 2 ಸೆಂಟಿಮೀಟರ್ ಎತ್ತರಿಸಿ, ಅಷ್ಟೇ. ಅದಕ್ಕಿಂತ ಜಾಸ್ತಿ ಎತ್ತಿದರೆ ಇಂಜಿನ್ನೂ ಜಾರುತ್ತದೆ, ನೋಟವೂ ಕೆಡುತ್ತದೆ.

ಇನ್ನು ಕಾಲ. ಇದನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಹಾಸನ–ಮಂಗಳೂರು ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್) ಮಾರ್ಗ ಪೂರ್ತಿ ತೆರೆದದ್ದು 1979ರಲ್ಲಿ. ತೊಂಬತ್ತರ ದಶಕದಲ್ಲಿ ಗೇಜ್ ಬದಲಿಸಲು ಘಾಟಿ ಮುಚ್ಚಿತು. ಬ್ರಾಡ್ ಗೇಜ್‌ನಲ್ಲಿ ಗೂಡ್ಸ್ ಬಂದದ್ದು 2006ರಲ್ಲಿ, ಪ್ಯಾಸೆಂಜರ್ ರೈಲು 2007ರ ಡಿಸೆಂಬರ್‌ನಲ್ಲಿ. ಮೀಟರ್ ಗೇಜ್ ಕಾಲ ಹಿಡಿದರೆ ಒಂದು ಲಾಭ ಇದೆ. ಬ್ರಾಡ್ ಗೇಜಿನ 1676 ಮಿ.ಮೀ. ಅಗಲ ಎಚ್‌ಒದಲ್ಲಿ 19.3 ಮಿ.ಮೀ. ಆಗಬೇಕು, ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ ಇರುವುದು 16.5. ಅಂದರೆ ನಮ್ಮ ರೈಲು ಕಿರಿದಾದ ಹಳಿಯ ಮೇಲೆ ನಿಂತ ಹಾಗೆ ಕಾಣುತ್ತದೆ. ಮೀಟರ್ ಗೇಜ್ ಆದರೆ 11.5 ಮಿ.ಮೀ. ಬೇಕು, 12 ಮಿ.ಮೀ. ಹಳಿ ಸಿಗುತ್ತದೆ, ವ್ಯತ್ಯಾಸ ಕಣ್ಣಿಗೆ ಬೀಳಲ್ಲ. ತೊಂದರೆ ಏನೆಂದರೆ ಆ ಕಾಲದ ವೈಡಿಎಂ-4 ಡೀಸೆಲ್ ಇಂಜಿನ್ನನ್ನು ನೀವೇ ಕೈಯಾರೆ ಕಟ್ಟಬೇಕಾದೀತು. ಅಷ್ಟು ತಾಳ್ಮೆ ಇಲ್ಲದವರು ಬ್ರಾಡ್ ಗೇಜನ್ನೇ ಹಿಡಿಯಿರಿ, ಆ ಎರಡೂವರೆ ಮೂರು ಮಿಲಿಮೀಟರ್ ಚಿಂತೆ ಬಿಡಿ. ಹಳಿಯ ಎರಡೂ ಪಕ್ಕ ಜಲ್ಲಿ ಸರಿಯಾಗಿ ಬಿದ್ದರೆ ಮುಕ್ಕಾಲು ಪಾಲು ಮುಚ್ಚಿಹೋಗುತ್ತದೆ.

ಜಲ್ಲಿಯ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ. ನಿಜದ ಹಳಿಯ ಕೆಳಗಿನ ದೊಡ್ಡ ಜಲ್ಲಿ 65 ಮಿ.ಮೀ., ನಮಗೆ ಅದು ಮುಕ್ಕಾಲು ಮಿಲಿಮೀಟರ್. ಪ್ಯಾಕೆಟ್‌ನಲ್ಲಿ ಬರುವ ‘ಬ್ಯಾಲಸ್ಟ್’ ಎಷ್ಟೋ ಸಲ ಇದಕ್ಕಿಂತ ದಪ್ಪ, ಹಳಿ ಪಕ್ಕ ಗುಂಡುಕಲ್ಲು ಸುರಿದ ಹಾಗೆ ಕಾಣುತ್ತದೆ. ಹತ್ತಿರದ ಕ್ರಷರ್‌ನಿಂದ ಒಂದು ಚೀಲ ಜಲ್ಲಿಪುಡಿ ತನ್ನಿ. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದದ್ದನ್ನು ತೆಳು ಬಟ್ಟೆಯಲ್ಲಿ ಹಾಕಿ ಹಿಟ್ಟಿನಂಥ ಧೂಳು ತೆಗೆದು, ತೊಳೆದು ಬಿಸಿಲಿಗೆ ಹಾಕಿ. ಒಣಗಿದ ಮೇಲೆ ಒಂದು ಅಯಸ್ಕಾಂತ ಆಡಿಸಿ. ಕಬ್ಬಿಣದ ಚೂರು ಇದ್ದರೆ ಇಂಜಿನ್ನಿನ ಮೋಟಾರ್ ಅದನ್ನು ಒಳಗೆಳೆದುಕೊಳ್ಳುತ್ತದೆ, ಆಮೇಲೆ ಮೋಟಾರ್‌ಗೇ ಸಂಚಕಾರ. ಪುಡಿಯನ್ನು ಸ್ಲೀಪರ್‌ಗಳ (ಹಳಿ ಕೆಳಗಿನ ಅಡ್ಡಪಟ್ಟಿಗಳ) ನಡುವೆ ಹಾಕಿ ಮೆತ್ತನೆ ಬ್ರಷ್‌ನಿಂದ ಸರಿಸಿ, ಸ್ಲೀಪರ್ ತಲೆ ಮೇಲೆ ಒಂದು ಹರಳೂ ಉಳಿಯದ ಹಾಗೆ. ನಂತರ ಸೋಪು ಬೆರೆಸಿದ ನೀರನ್ನು ಮಂಜಿನ ಹಾಗೆ ಸಿಂಪಡಿಸಿ, ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಸೇರಿಸಿ ಸಿರಿಂಜ್‌ನಲ್ಲಿ ತೊಟ್ಟು ತೊಟ್ಟಾಗಿ ಬಿಡಿ. ಸೋಪಿನ ನೀರು ಹಾಕದಿದ್ದರೆ ಅಂಟು ಒಳಗೆ ಇಳಿಯದೆ ಗುಂಡಗೆ ನಿಂತು ಜಲ್ಲಿಯನ್ನೇ ಎತ್ತಿಕೊಂಡು ಹೋಗುತ್ತದೆ.

ಹಳಿಯ ಪಕ್ಕಕ್ಕೆ ತುಕ್ಕಿನ ಬಣ್ಣ ಬಳಿಯಿರಿ, ಹೊಳೆಯುವುದು ಚಕ್ರ ಉರುಳುವ ತಲೆ ಮಾತ್ರ. ಈ ಒಂದೇ ಕೆಲಸದಿಂದ ಆಗುವಷ್ಟು ಬದಲಾವಣೆ ಹತ್ತು ಸಾವಿರದ ಬೋಗಿಯಿಂದ ಆಗಲ್ಲ. ಜಲ್ಲಿ ಎಲ್ಲ ಕಡೆ ಒಂದೇ ಬಣ್ಣ ಇರಬಾರದು. ಸಿಗ್ನಲ್ ಹತ್ತಿರ ಇಂಜಿನ್ ಕಾಯುತ್ತಾ ನಿಲ್ಲುವ ಕಡೆ ಹಳಿ ನಡುವೆ ಎಣ್ಣೆ ಕಲೆ. ಬ್ರೇಕ್ ಹಾಕುವ ಕಡೆ ಕಂದು ಧೂಳು. ಹಳೇ ಕಾಲದ ನಿಲ್ದಾಣ ಮಾಡುತ್ತಿದ್ದರೆ ಪ್ಲಾಟ್‌ಫಾರ್ಮ್ ಪಕ್ಕದ ಹಳಿಯಲ್ಲಿ ಬ್ಲೀಚಿಂಗ್ ಪೌಡರ್ ಚೆಲ್ಲಿದ ಬಿಳಿ. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಬಣ್ಣಕ್ಕೆ ವಿದೇಶಿ ಡಬ್ಬಿಗಳೇ ಆಗಬೇಕೆಂದೇನಿಲ್ಲ. ಕೆಮ್ಮಣ್ಣನ್ನು ಹಳೇ ಪಂಚೆ ಬಟ್ಟೆಯಲ್ಲಿ ಸೋಸಿದರೆ ಬೋಗಿಯ ಕೆಳಭಾಗಕ್ಕೆ ಬೇಕಾದ ಧೂಳು ಸಿಕ್ಕಿತು. ಅದಿರು ತುಂಬುವ ವ್ಯಾಗನ್‌ಗೂ ಅದೇ. ಸುರಂಗದ ಬಾಯಿಯ ಮೇಲ್ಭಾಗಕ್ಕೆ, ಇಂಜಿನ್ನಿನ ಹೊಗೆ ಕಿಂಡಿಯ ಸುತ್ತ ದೀಪದ ಮಸಿ. ಒಣ ಬ್ರಷ್‌ನಲ್ಲಿ ಹಚ್ಚಿ, ಮೇಲೆ ಮ್ಯಾಟ್ ವಾರ್ನಿಶ್ ಸಿಂಪಡಿಸಿ. ಪ್ಲಾಸ್ಟಿಕ್ ಹೊಳಪು ಹೋದರೆ ಅರ್ಧ ಆಟಿಕೆತನ ಅಲ್ಲೇ ಹೋಯಿತು. ಆದರೆ ಎಲ್ಲ ಬೋಗಿಗೂ ಒಂದೇ ಸಮ ಕೊಳೆ ಹಚ್ಚಬೇಡಿ, ಒಂದೆರಡು ಆಗಷ್ಟೇ ವರ್ಕ್‌ಶಾಪ್‌ನಿಂದ ಬಂದ ಹಾಗಿರಲಿ.

ತಿಂಗಳು ಯಾಕೆ ಹಿಡಿಯಬೇಕು ಅಂದರೆ ಗಿಡಮರ, ನೆಲ ಎಲ್ಲ ಅದರ ಮೇಲೆ ನಿಂತಿದೆ. ಮಾರ್ಚ್ ಹಿಡಿದರೆ ಹೂಮಳೆ ಬಿದ್ದು ಕಾಫಿ ಗಿಡದ ತುಂಬ ಬಿಳಿ ಹೂವು, ರಸ್ತೆ ಬದಿ ಒಣಹುಲ್ಲು, ಜಲ್ಲಿ ಬೂದು ಬಣ್ಣ. ಆಗಸ್ಟ್ ಹಿಡಿದರೆ ಕಟ್ಟೆಗೋಡೆಗಳ ಮೇಲೆ ಕಪ್ಪು ಪಾಚಿ, ನೀರು ಬಸಿಯುವ ತೂತುಗಳ ಕೆಳಗೆ ಉದ್ದುದ್ದ ಕಲೆ, ಹಳಿ ಪಕ್ಕದ ಚರಂಡಿಯಲ್ಲಿ ನೀರು. ಕಾಫಿ ಹೂವು ಬಿಟ್ಟ ತೋಟದ ಮೇಲೆ ಮಳೆಗಾಲದ ಜಲಪಾತ ಇಳಿಸಿದರೆ ಮಲೆನಾಡಿನವರು ನೋಡಿ ನಗುತ್ತಾರೆ. ಜಲಪಾತ ಬೇಕೇ ಬೇಕಿದ್ದರೆ ಪಾರದರ್ಶಕ ಸಿಲಿಕೋನನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಎಳೆ ಎಳೆಯಾಗಿ ಎಳೆದು, ಒಣಗಿದ ಮೇಲೆ ಬಿಡಿಸಿ ಬಂಡೆಗೆ ಅಂಟಿಸಿ.

ಮರದ ಎತ್ತರದಲ್ಲಿ ಎಲ್ಲರೂ ಕಂಜೂಸಿ ಮಾಡುತ್ತಾರೆ. 20 ಮೀಟರ್ ಸಿಲ್ವರ್ ಓಕ್ ಎಚ್‌ಒದಲ್ಲಿ 23 ಸೆಂಟಿಮೀಟರ್ ಬರಬೇಕು. ಕೆಳಗಿನ ಕಾಫಿ ಗಿಡ ಎರಡು ಸೆಂಟಿಮೀಟರ್ ದಾಟಬಾರದು. ಇವೆರಡರ ನಡುವಿನ ಈ ಅಂತರವೇ ಕಾಫಿ ತೋಟ. ಹತ್ತು ಸೆಂಟಿಮೀಟರ್ ರೆಡಿಮೇಡ್ ಮರ ನೆಟ್ಟರೆ ಅದು ಎಲ್ಲೋ ಯುರೋಪಿನ ಹಣ್ಣಿನ ತೋಟ ಆಗಿಬಿಡುತ್ತದೆ. ನೇರವಾದ ಒಣ ಕಡ್ಡಿ ಆರಿಸಿ, ಕೆಳಗಿನ ಕೊಂಬೆ ತೆಗೆದು, ಮರಗಸಿ ಆದ (ನೆರಳು ತಗ್ಗಿಸಲು ಕೊಂಬೆ ಸವರಿದ) ಮರದ ಹಾಗೆ ತುದಿಯಲ್ಲಷ್ಟೇ ತೆಳ್ಳಗೆ ಎಲೆ ಕೊಡಿ. ಎಲೆಯ ಹಸಿರಿಗೆ ಚೂರು ಬೂದಿ ಬಣ್ಣ ಸೇರಲಿ. ಕಾಂಡಕ್ಕೆ ಅಂಟು ಸವರಿ ಗಾಢ ಹಸಿರಿನ ಪುಡಿಯಲ್ಲಿ ಹೊರಳಿಸಿದರೆ ಮೆಣಸಿನ ಬಳ್ಳಿ. ತೋಟದ ನೆಲಕ್ಕೆ ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟಕ್ಕಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ. ಗರಿಗರಿಯಾಗಿ ಒಣಗಿರಬೇಕು, ಇಲ್ಲವಾದರೆ ಜುಲೈ ಹೊತ್ತಿಗೆ ಬೂಷ್ಟು ಹಿಡಿಯುವುದು ಗ್ಯಾರಂಟಿ.

ಫೋಟೊ ಇಲ್ಲದೆ ಇದೊಂದೂ ಆಗಲ್ಲ. ನೆನಪಿನಿಂದ ಮಾಡಿದರೆ ಎಲ್ಲ ಹಸಿರೂ ಒಂದೇ ಹಸಿರು ಆಗುತ್ತದೆ. ಹಗಲು ರೈಲಿನಲ್ಲಿ ಕಿಟಕಿ ಸೀಟು ಹಿಡಿದು, ಇಲ್ಲವೇ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯಲ್ಲಿ ಹೋಗಿ ತೆಗೆಯಿರಿ. ಎದುರಿನ ಬೆಟ್ಟಕ್ಕಿಂತ ಹಳಿ ಪಕ್ಕದ ಚರಂಡಿ, ಕಿ.ಮೀ. ಕಲ್ಲು, ಸೀಟಿ ಊದಲು ಹೇಳುವ ಹಳದಿ ಹಲಗೆ, ನಿಲ್ದಾಣದ ಮೂರು ಭಾಷೆಯ ಹಳದಿ ಬೋರ್ಡು, ಇವೇ ಮುಂದೆ ಕೆಲಸಕ್ಕೆ ಬರುವುದು. ಹಳಿ ಮೇಲೆ ನಡೆದುಕೊಂಡು ಹೋಗುವ ಚಾರಣದ ಆಸೆ ಬೇಡ. 1989ರ ರೈಲ್ವೆ ಕಾಯ್ದೆಯಲ್ಲಿ ಅದು ಅಪರಾಧ, ಮೇಲಾಗಿ ಸುರಂಗದೊಳಗೆ ರೈಲು ಎದುರಾದರೆ ಗೋಡೆಗಂಟಿ ನಿಲ್ಲುವುದು ಬಿಟ್ಟರೆ ದಾರಿ ಇಲ್ಲ.

ಮೇಜು ಎದೆ ಎತ್ತರಕ್ಕಿರಲಿ. ಮೇಲಿನಿಂದ ನೋಡಿದರೆ ಯಾವ ಮಾಡೆಲ್ಲೂ ಆಟಿಕೆಯೇ. ಹಿಂದಿನ ಪರದೆಯಲ್ಲಿ ದೂರದ ಬೆಟ್ಟ ಹೋದಷ್ಟೂ ತಿಳಿಯಾಗಿ ನೀಲಿ-ಬೂದಿಗೆ ತಿರುಗಲಿ.

ಕೊನೆಗೆ ಓಡಿಸುವುದು. ಇಷ್ಟೆಲ್ಲ ಮಾಡಿ ರೈಲನ್ನು ಬಾಣದ ಹಾಗೆ ಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ. ಘಾಟಿಯಲ್ಲಿ ಗಾಡಿ ಹೋಗುವುದು ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ. ಎಚ್‌ಒ ಲೆಕ್ಕಕ್ಕೆ ಒಂದು ಮೀಟರ್ ಹಳಿ ದಾಟಲು ಹತ್ತು ಸೆಕೆಂಡ್ ಹಿಡಿಯಬೇಕು. ಗಡಿಯಾರ ಹಿಡಿದು ಅಳೆಯಿರಿ, ಮೊದಲು ತೀರಾ ನಿಧಾನ ಅನಿಸುತ್ತದೆ, ಇರಲಿ. ಸುಬ್ರಹ್ಮಣ್ಯ ಕಡೆಯಿಂದ ಹತ್ತುವ ಗೂಡ್ಸ್‌ಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ ಹಚ್ಚಿ. ಎರಡು ಇಂಜಿನ್‌ಗಳ ವೇಗ ಹೊಂದಿಸಲು ಡಿಸಿಸಿ (ಒಂದೊಂದು ಇಂಜಿನ್ನನ್ನೂ ಬೇರೆಬೇರೆಯಾಗಿ ನಿಯಂತ್ರಿಸುವ ಡಿಜಿಟಲ್ ವ್ಯವಸ್ಥೆ) ಇದ್ದರೆ ಸುಲಭ, ಇಲ್ಲದಿದ್ದರೆ ಹಿಂದಿನ ಇಂಜಿನ್ನಿನ ಮೋಟಾರ್ ತೆಗೆದು ಬರೀ ಉರುಳಲು ಬಿಡಿ, ನೋಡುವವರಿಗೆ ಗೊತ್ತಾಗಲ್ಲ. ಒಂಟಿ ಹಳಿ ಆದ್ದರಿಂದ ಎಡಕುಮೇರಿಯಲ್ಲಿ ಒಂದು ಗಾಡಿ ಎದುರಿನದಕ್ಕೆ ಕಾಯಲಿ. ಕಾಯುವ ಗಾಡಿಯನ್ನು ಐದು ನಿಮಿಷ ಅಲುಗಾಡಿಸದೆ ನಿಲ್ಲಿಸುವುದು ಓಡಿಸುವುದಕ್ಕಿಂತ ಕಷ್ಟ, ಕೈ ಸುಮ್ಮನಿರಲ್ಲ.

ಮಳೆಗಾಲದಲ್ಲಿ ಪ್ಲೈವುಡ್ ಉಬ್ಬುತ್ತದೆ, ಹಳಿ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಮೊದಲೇ ಬಿಟ್ಟಿರಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮತ್ತೆ ಶುರು ಮಾಡುವ ಮುಂಚೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಹಳಿ ತಲೆ ಒರೆಸಿ. ಮರಳು ಕಾಗದ ಮಾತ್ರ ಉಜ್ಜಬೇಡಿ, ಗೀರು ಬಿದ್ದಲ್ಲಿ ಕೊಳೆ ಬೇಗ ಕೂರುತ್ತದೆ.