ಸಿಮ್ ಇಲ್ಲದ ಸಂದೇಶಕ್ಕೆ ಎರಡು ಲೋರಾ ಬೋರ್ಡ್

ಲೋರಾ ಎಂದರೆ ಕಡಿಮೆ ವಿದ್ಯುತ್ತಿನಲ್ಲೇ ದೂರ ಸಾಗುವ ರೇಡಿಯೋ ಸಂಪರ್ಕ. ಅದರ ಬೋರ್ಡಿಗೆ ಬ್ಯಾಟರಿ ಸಿಕ್ಕಿಸುವ ಮೊದಲು ಆಂಟೆನಾ ಕೂರಿಸಿ. ಅದಿಲ್ಲದೆ ಪ್ರಸಾರಕ್ಕೆ ಹೊರಟರೆ ರೇಡಿಯೋ ಚಿಪ್ ಸುಟ್ಟುಹೋಗಬಹುದು. ಈ ವಿಷಯದಲ್ಲಿ ಯಾರ ಅವಸರವನ್ನೂ ನಾನು ಸಹಿಸುವುದಿಲ್ಲ. ಆಮೇಲೆ ಯುಎಸ್‌ಬಿ ಕೇಬಲ್ ಜೋಡಿಸಿ, ಬೋರ್ಡಿನಿಂದ ಬೋರ್ಡಿಗೆ ಸಂದೇಶ ಸಾಗಿಸುವ, ಬ್ರೌಸರ್ ಮೂಲಕವೇ ಸಿಗುವ ಮೆಶ್‌ಟ್ಯಾಸ್ಟಿಕ್ ತಂತ್ರಾಂಶ ತುಂಬಿಸಿ. ಬರೀ ಚಾರ್ಜಿಂಗ್ ಕೇಬಲ್ ಆದರೆ ಕಂಪ್ಯೂಟರ್ ಬೋರ್ಡನ್ನು ಗುರುತಿಸುವುದೇ ಇಲ್ಲ. ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಿಸಿ, ಅದೇ ತಂತ್ರಾಂಶದ ಮೊಬೈಲ್ ಆ್ಯಪಿನಲ್ಲಿ ನಿಮ್ಮ ದೇಶದ ತರಂಗಾಂತರ ವಲಯ ಆರಿಸಿ. ಎರಡೂ ಬೋರ್ಡುಗಳಲ್ಲಿ ಚಾನೆಲ್ ಹೆಸರು, ಸಂದೇಶವನ್ನು ಗುಪ್ತವಾಗಿಡುವ ಕೀಲಿ ಒಂದೇ ಇರಬೇಕು; ಕ್ಯೂಆರ್ ಕೋಡ್ ಹಂಚಿಕೊಂಡರೆ ಆ ಕೆಲಸ ಮುಗಿಯಿತು.

ಒಂದು ಸಂದೇಶಕ್ಕೆ ಸಿಗುವುದು ಸುಮಾರು 200 ಬೈಟ್ ಜಾಗ. ಯೂನಿಕೋಡ್ ಕನ್ನಡದಲ್ಲಿ ‘ಕ’ 3 ಬೈಟ್ ತಿಂದರೆ ‘ಕ್ಷ’ 9 ಬೈಟ್ ನುಂಗುತ್ತದೆ. ಹಾಗಾಗಿ ಹರಟೆಯನ್ನು ಬದಿಗಿಟ್ಟು ‘ಹೊರಟೆ’, ‘ತಲುಪಿದೆ’ ಎಂದಷ್ಟೇ ಕಳುಹಿಸಿ.